ನಾಲಿಗೆಯ ಮೇಲಿನ ವಿಭೂತಿ

ಕರುಳಿನ ಕ್ಯಾನ್ಸರ್ ಆಪರೇಶನ್ ಆಗಿ ಐದು ವರ್ಷ ತುಂಬಿತ್ತು. ಕಡೆಯ ತಪಾಸಣೆಗೆಂದು ಹಲಕರ್ಣಿಯಿಂದ ಕೊಲ್ಹಾಪುರದ ಆಸ್ಪತ್ರೆಗೆ ಹೋಗಿ ರಿಪೋರ್ಟಿಗೆ ಕಾಯುತ್ತ ಕೂತಿದ್ದೆ. ತಿನ್ನುವ ಖನಿಜಕ್ಕೂ ಈ ರೋಗಕ್ಕೂ ಏನು ನಂಟೆಂದು ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಫಾರ್ಮು ಹಿಡಿದು ಬಂದಳು.

"ಕಾಕಾ, ಕ್ಯಾಲ್ಸಿಯಂ, ಮೆಗ್ನೀಸಿಯಂ ಗುಳಿಗಿ ಏನರ ತಗೋತೀರೇನ್ರಿ?"

"ಇಲ್ಲವಾ. ಜೋಳದ ರೊಟ್ಟಿ, ಪಲ್ಲೆ. ಪೂಜಾ ಆದಮ್ಯಾಲೆ ನಾಲಿಗಿ ಮ್ಯಾಲೆ ಚಿಟಿಕಿ ವಿಭೂತಿ."

ಅವಳ ಪೆನ್ನು ನಿಂತಿತು. "ಬೂದಿ ತಿಂತೀರಿ? ಎಷ್ಟು ಗ್ರಾಂ?"

"ದೇವರ ಪ್ರಸಾದ ಯಾರರ ತೂಗತಾರೇನವಾ?"

ನಕ್ಕು, ಬೂದಿಯೊಳಗೂ ಖನಿಜ ಇರ್ತದ ಅಂತ ಹೇಳಿ, ಫಾರ್ಮಿನ 'ಇತರೆ' ಎಂಬಲ್ಲಿ ಬರೆದುಕೊಂಡಳು. ಆಗ ನಾನು ಕೇಳಿದೆ: "ನಮ್ಮಣ್ಣನೂ ಇದೇ ರೊಟ್ಟಿ, ಇದೇ ವಿಭೂತಿ ತಿಂದಾಂವ. ಇದೇ ಜಡ್ಡಿನಾಗ ಹೋದ. ನಾ ಉಳದೆ. ಹಂಗ್ಯಾಕ?"

"ಅದಕ್ಕ ರಕ್ತಾನೂ ತಗೋತೀವಿ ಕಾಕಾ. ಒಂದೇ ತಾಯಿ ಮಕ್ಕಳಾದ್ರೂ ಹುಟ್ಟಿನಿಂದ ಬಂದ ಜೀನ್ ಬ್ಯಾರೆ ಇರ್ತಾವ. ತಿಂದ ಖನಿಜ ಒಬ್ಬೊಬ್ಬರ ಮೈಗೆ ಒಂದೊಂದು ಥರಾ ಹತ್ತಬಹುದು. ಖರೆ ಏನಂತ ನಮಗೂ ಇನ್ನೂ ಗೊತ್ತಿಲ್ರಿ."

ಗೊತ್ತಿಲ್ಲ ಎಂದದ್ದು ನನಗೆ ಹಿಡಿಸಿತು. ತೋಳು ಚಾಚಿದೆ.

ಅಷ್ಟರಲ್ಲಿ ಡಾಕ್ಟರು ಬಂದರು. "ರೋಗದ ಸುಳಿವೇ ಇಲ್ಲ. ನೀವು ಗೆದ್ರಿ!"

ಅಣ್ಣನ ಪಾಲಿನದನ್ನೂ ಸೇರಿಸಿ ಎರಡು ಸಲ ಕೈಮುಗಿದು, ಕಿಸೆಯಿಂದ ವಿಭೂತಿ ಗಟ್ಟಿ ತೆಗೆದೆ.

ಹುಡುಗಿ ಅಂಗೈ ಒಡ್ಡಿದಳು. "ಕಾಕಾ, ನನಗೂ ಈಟು ಕೊಡ್ರಿ."

"ಎಷ್ಟು ಗ್ರಾಂ ಬೇಕವಾ?" ಎಂದು ಕೇಳದೆ ಇರಲಾಗಲಿಲ್ಲ.