ಗಾಜಿಗೆ ಅಂಟಿದ ಮುಖ

ಶ್ರುತಿ, ನಿನ್ನ ಮನೆಯ ಗೋಡೆಯ ಮೇಲೆ ನೀನು ದಿನಾ ಹೂ ಮುಡಿಸುವ ಫೋಟೋದಲ್ಲಿರುವುದು ನಿನ್ನ ಅಮ್ಮನ ಮುಖವಲ್ಲ. ಅದು ನಾನು ಮಾಡಿದ ಮುಖ. ಕಂಪ್ಯೂಟರ್ ಮಾಡಿದ್ದು ಎನ್ನಬಹುದು, ಆದರೆ ಆರಿಸಿದವಳು ನಾನು — ಬೇಡ, ನುಣುಚಿಕೊಳ್ಳುವುದಿಲ್ಲ. ಮೊದಲಿನಿಂದ ಹೇಳುತ್ತೇನೆ.

ನಾಲ್ಕು ವರ್ಷದ ಹಿಂದೆ ನಿನ್ನ ಸೀಮಂತಕ್ಕೆ ಸ್ಲೈಡ್‌ಶೋ ಮಾಡಿಕೊಡುತ್ತೇನೆಂದು ನಾನೇ ಮುಂದೆ ಬಿದ್ದೆ. ಜರ್ಮನಿಯ ಈ ಸಿಂಡೆಲ್‌ಫಿಂಗೆನ್‌ನಲ್ಲಿ ಗಂಡನಿಗೆ ಆಫೀಸು, ಮಕ್ಕಳಿಗೆ ಶಾಲೆ; ನನಗೆ ಅಡಿಗೆ, ಪೂಜೆ, ಮತ್ತೆ ಇದೊಂದು ಹುಚ್ಚು. ಕನ್ನಡದವರ ಮನೆಯಲ್ಲಿ ನಾಮಕರಣವಿರಲಿ, ಅರವತ್ತರ ಶಾಂತಿಯಿರಲಿ, ಹಳೆಯ ಫೋಟೋಗಳನ್ನು ಜೋಡಿಸಿ, ಹಾಡು ಸೇರಿಸಿ ಕೊಡುತ್ತಿದ್ದೆ. ಜನ ಹೊಗಳಿದಾಗ ಆಗುವ ಹಿಗ್ಗನ್ನೂ ದೇವರ ದಯೆ ಎಂದುಕೊಳ್ಳುತ್ತಿದ್ದೆ.

ನೀನು ಆ ಫ್ರೇಮನ್ನು ಹತ್ತಿ ಸೀರೆಯಲ್ಲಿ ಸುತ್ತಿ ತಂದಿದ್ದೆ. ನಿನ್ನ ನಾಮಕರಣದ ಫೋಟೋ. ನಿನಗೆ ಒಂದೂವರೆ ವರ್ಷವಾದಾಗ ತೀರಿಕೊಂಡ ಅಮ್ಮ ಅದರಲ್ಲಿ ತೊಟ್ಟಿಲ ಹಿಂದೆ ನಿಂತಿದ್ದರು. ಮುಖ ಹುಣಿಸೆ ಬೀಜದಷ್ಟು, ಅದೂ ಬಣ್ಣ ಮಾಸಿ. ಅವರ ಮದುವೆಯ ಆಲ್ಬಮ್ಮನ್ನು ಗೆದ್ದಲು ತಿಂದಿತ್ತು.

"ಆಂಟಿ, ಹುಷಾರು. ಅಮ್ಮಂದು ಅಂತ ಇರೋದು ಇದೊಂದೇ," ಎಂದಿದ್ದೆ ನೀನು.

ಗಾಜು ಹೊಳೆಯುತ್ತದೆ, ಸ್ಕ್ಯಾನ್ ಚೆನ್ನಾಗಿ ಬರುವುದಿಲ್ಲ ಎಂದು ಫ್ರೇಮ್ ಬಿಚ್ಚಿದೆ. ಎಷ್ಟು ಮಳೆಗಾಲದ ತೇವ ಕುಡಿದಿತ್ತೋ, ಫೋಟೋ ಗಾಜಿಗೆ ಅಂಟಿಕೊಂಡಿತ್ತು. ಮೂಲೆ ಹಿಡಿದು ಮೆಲ್ಲಗೆ ಎಳೆದೆ. ಅಲ್ಲಿಗೇ ನಿಲ್ಲಿಸಬೇಕಿತ್ತು. ಎಳೆದೆ. ತೊಟ್ಟಿಲು ಬಂತು, ಸೀರೆ ಬಂತು — ಮುಖ ಗಾಜಿನ ಮೇಲೇ ಉಳಿಯಿತು. ಕಾಗದದಲ್ಲಿ ಆ ಜಾಗ ಬೆಳ್ಳಗೆ.

ಆಗಲೇ ನಿನಗೆ ಫೋನ್ ಮಾಡಿದ್ದರೆ... ಏಳು ತಿಂಗಳ ಬಸುರಿ, ನೊಂದುಕೊಳ್ಳುತ್ತೀ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಬೇರೆ. ನಾಲ್ಕು ಜನಕ್ಕೆ ಗೊತ್ತಾದರೆ ಇನ್ನು ಯಾರೂ ನನ್ನ ಕೈಗೆ ಫೋಟೋ ಕೊಡುವುದಿಲ್ಲ ಎಂಬ ಹೆದರಿಕೆ. ಗಾಜನ್ನು ಪೇಪರಿನಲ್ಲಿ ಸುತ್ತಿ ಕೆಳಗಿನ ರೆಸ್ಟ್‌ಮ್ಯೂಲ್ ಕಸದ ಡಬ್ಬಿಗೆ, ಯಾರದೋ ಮಗುವಿನ ಡೈಪರುಗಳ ಜೊತೆ ಹಾಕಿಬಂದೆ. ಆ ಗಾಜನ್ನೇ ಸ್ಕ್ಯಾನರಿನ ಮೇಲಿಟ್ಟಿದ್ದರೆ ಮುಖ ಸಿಗುತ್ತಿತ್ತೇನೋ ಎಂದು ಹೊಳೆದದ್ದು ಕಸದ ಗಾಡಿ ಬಂದುಹೋದ ಮೇಲೆ.

ನೀನು ಮುಂಚೆ ವಾಟ್ಸಾಪಿನಲ್ಲಿ ಕಳಿಸಿದ್ದ, ಇದೇ ಫೋಟೋದ ಮಸುಕು ಚಿತ್ರವೊಂದಿತ್ತು. ಮುಖ ಸ್ಪಷ್ಟ ಮಾಡುವ ಆ್ಯಪ್‌ಗೆ ಹಾಕಿದೆ. ಕಾಣದ್ದನ್ನು ಅದು ತನ್ನಷ್ಟಕ್ಕೆ ತುಂಬಿಕೊಳ್ಳುತ್ತದೆ — ನನಗೆ ಗೊತ್ತಿತ್ತು. ಒತ್ತಿದಾಗಲೆಲ್ಲ ಬೇರೆ ಬೇರೆ ಹೆಂಗಸು. ಐದನೆಯವಳ ಮೂಗು ನಿನ್ನ ಮೂಗಿನ ಹಾಗಿತ್ತು. ಅವಳನ್ನೇ ಇಟ್ಟುಕೊಂಡೆ. ಉಳಿದ ಚಿತ್ರದಲ್ಲಿ ಆ ಮುಖ ಕೂರಿಸಿ, ಪ್ರಿಂಟ್ ತೆಗೆಸಿ, ಅದೇ ಹಳೆಯ ಫ್ರೇಮಿಗೆ ಹೊಸ ಗಾಜು ಹಾಕಿ ಮುಚ್ಚಿದೆ. ಮುಖವನ್ನಷ್ಟೇ ದೊಡ್ಡದು ಮಾಡಿ ಇನ್ನೊಂದು. "ಕಂಪ್ಯೂಟರಲ್ಲಿ ಸ್ವಲ್ಪ ಕ್ಲೀನ್ ಮಾಡಿದೀನಿ ಕಣೆ," ಎಂದು ಎರಡನ್ನೂ ನಿನ್ನ ಕೈಗಿಟ್ಟೆ.

ಸೀಮಂತದ ದಿನ ಆ ಮುಖ ಪರದೆ ತುಂಬ ಬಂದಾಗ, ನೀನು ಹಸಿರು ಬಳೆಯ ಕೈಯಿಂದ ಅದರ ಕೆನ್ನೆ ಮುಟ್ಟಿದೆ. ಅಳದವರಿಲ್ಲ. "ಸರೋಜಾ ಆಂಟಿ ಕೈಗೆ ಸಿಕ್ರೆ ಸತ್ತೋರೂ ಎದ್ದು ಬರ್ತಾರೆ ಗುರು!" ಎಂದ ನಿನ್ನ ಗಂಡನ ಗೆಳೆಯ. ನಾನೂ ನಕ್ಕೆ. ಇನ್ನು ಹೇಗೆ ಬಾಯಿ ಬಿಡಲಿ?

ಆಮೇಲೆ ನಿನ್ನ ಮನೆಗೆ ಬಂದಾಗಲೆಲ್ಲ ಆ ಮುಖ. ಕುಂಕುಮ ಕೊಟ್ಟು "ಅಮ್ಮನಿಗೂ ಇಡಿ ಆಂಟಿ" ಎನ್ನುತ್ತೀ. ಇಡುತ್ತೇನೆ, ಯಾರ ಹಣೆಗೆ ಇಡುತ್ತಿದ್ದೇನೆಂದು ತಿಳಿಯದೆ. ನಿನ್ನ ಮಗಳು ಕಿಂಡರ್‌ಗಾರ್ಟನ್‌ಗೆ ಹೊರಡುವಾಗ "ಚ್ಯೂಸ್, ಓಮಾ!" ಎಂದು ಗೋಡೆಯ ಮೇಲಿನ ಅಜ್ಜಿಗೆ ಕೈ ಬೀಸುತ್ತಾಳೆ. ಸಂಜೆ ದೀಪ ಹಚ್ಚಿ ಅವತ್ತಿನ ಸಣ್ಣಪುಟ್ಟ ಕೃಪೆಗಳನ್ನು ದೇವರೆದುರು ಎಣಿಸುವುದು ನನ್ನ ರೂಢಿ — ಬಾಲ್ಕನಿಯ ತುಳಸಿ ಚಳಿಗೆ ಸಾಯಲಿಲ್ಲ, ಮಂಗಳಾರತಿಯ ಹೊಗೆಗೆ ಅಲಾರಂ ಕೂಗಲಿಲ್ಲ. ಶ್ರುತಿಗೆ ಇವತ್ತೂ ಗೊತ್ತಾಗಲಿಲ್ಲ ಎಂಬುದೂ ಯಾವಾಗಲೋ ಆ ಎಣಿಕೆಗೆ ಸೇರಿಕೊಂಡಿತು. ದೇವರನ್ನೂ ನನ್ನ ಸುಳ್ಳಿಗೆ ಕಾವಲು ಕೂರಿಸಿದೆ.

ಹೋದ ವರ್ಷ ನಿನ್ನ ಅಪ್ಪ ಮೈಸೂರಿನಿಂದ ಮೊದಲ ಸಲ ಬಂದರು. ಫೋನಿನಲ್ಲಿ ಸಣ್ಣದಾಗಿ ಕಂಡಿದ್ದ ಮುಖವನ್ನು ಗೋಡೆಯ ಮೇಲೆ ನೋಡಿ ಬಹಳ ಹೊತ್ತು ನಿಂತರು.

"ಇದು... ಲಲಿತನಾ?"

"ಅಪ್ಪಾ! ಹೆಂಡ್ತಿ ಮುಖಾನೇ ಮರ್ತುಬಿಟ್ರಾ? ಚೆನ್ನಾಗಿದೆ!" ಎಂದು ನೀನು ನಕ್ಕೆ. ಅವರು ನಗಲಿಲ್ಲ. ಊಟವಾದ ಮೇಲೆ, ಅಡಿಗೆಮನೆಯಲ್ಲಿ ತಟ್ಟೆ ಒರೆಸುತ್ತಿದ್ದ ನನ್ನ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು: "ನೀವೇ ಅಲ್ವೇನಮ್ಮಾ ಮಾಡಿದ್ದು? ಅವಳ ಎಡಗಣ್ಣು ಒಂಚೂರು ಚಿಕ್ಕದಿತ್ತು. ಇತ್ತು ಅಂತ ನನ್ನ ನೆನಪು..."

"ಕ್ಲೀನ್ ಮಾಡಿದ್ಮೇಲೆ ಹಾಗೇ ಕಾಣೋದು ಸರ್. ಮುಖ ಅವರದ್ದೇ."

"ಹಾಗಾದ್ರೆ ನನಗೇ ಮರೆತಿರಬೇಕು," ಎಂದು ಹೋದರು.

ಫೋಟೋ ಕಿತ್ತುಬಂದದ್ದನ್ನು ಕೈತಪ್ಪು ಎನ್ನಬಹುದು. ಈ ಮಾತನ್ನು ಏನೆನ್ನಲಿ?

ಮೊನ್ನೆ ಶನಿವಾರ ನೀನು ಹೇಳಿದೆ — ಅಪ್ಪನಿಗೆ ಮರೆವಿನ ಕಾಯಿಲೆ ಇರಬಹುದು, ಅಮ್ಮನನ್ನೇ ಗುರುತು ಹಿಡಿಯಲಿಲ್ಲವಲ್ಲ, ಈಚೆಗೆ ಅಮ್ಮನ ಮಾತೆತ್ತುವುದನ್ನೇ ಬಿಟ್ಟಿದ್ದಾರೆ, ಚಿಕ್ಕಪ್ಪ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ ಎಂದು. ನಾನು "ಅಯ್ಯೋ ಪಾಪ" ಎಂದೆ. ಕಾಫಿಯನ್ನೂ ಕುಡಿದೆ.

ಶ್ರುತಿ, ಗುರುತು ಹಿಡಿಯದ್ದು ಮರೆವಿನಿಂದಲ್ಲ. ಅವತ್ತು ನಿಮ್ಮ ಮನೆಯಲ್ಲಿ ಸರಿಯಾಗಿ ನೆನಪಿದ್ದವರು ಅವರೊಬ್ಬರೇ. ನಿನ್ನ ಅಮ್ಮನ ಮುಖ ಉಳಿದಿದ್ದರೆ ಅವರ ಮನಸ್ಸಿನಲ್ಲಿ ಮಾತ್ರ. ಅಲ್ಲಿಂದಲೂ ಅದನ್ನು ಅಳಿಸಲು ಹೊರಟವಳು ನಾನು.

ಕ್ಷಮೆ ಕೇಳಲು ನನಗೆ ಬಾಯಿಲ್ಲ. ಈ ಕಾಗದವನ್ನು ಪೋಸ್ಟಿಗೆ ಹಾಕದೆ ನಾನೇ ತಂದುಕೊಡುತ್ತೇನೆ. ನೀನು ಓದಿ ಮುಗಿಸುವ ತನಕ ಎದುರಿಗೇ ನಿಂತಿರುತ್ತೇನೆ. ನನ್ನನ್ನು ಏನು ಬೇಕಾದರೂ ಅನ್ನು, ಆದರೆ ಆಮೇಲೆ. ಮೊದಲು ಮೈಸೂರಿಗೆ ಫೋನ್ ಮಾಡು. ಅಮ್ಮ ನೋಡಲು ಹೇಗಿದ್ದರು ಎಂದು ಅಪ್ಪನನ್ನು ಕೇಳು. ತಡವರಿಸಿದರೆ ಕಾದಿರು. ಕೇಳುವಾಗ ಯಾವ ಫೋಟೋವನ್ನೂ ಅವರ ಮುಂದೆ ಹಿಡಿಯಬೇಡ.