ಸೈಟು ನೋಡಲು ಹೋದಾಗ ಕುಡಿದ ನೀರು

ಇವತ್ತು ಬೆಳಿಗ್ಗೆ ಒಬ್ಬ ಹೆಂಗಸು ನಮ್ಮ ಗೇಟಿನ ಹತ್ತಿರ ನಿಂತು, "ಅಣ್ಣ, ಕುಡಿಯೋಕೆ ಸ್ವಲ್ಪ ನೀರ್ ಕೊಡ್ತೀರಾ?" ಅಂದಳು. ಅವಳ ಹಿಂದೆ ಗಂಡ, ಗಂಡನ ಹಿಂದೆ ಬ್ರೋಕರ್ ಮುನಿರಾಜು. ಮುನಿರಾಜುವಿನ ಮುಖ ನೀವು ನೋಡಬೇಕಿತ್ತು. "ಕಾರಲ್ಲಿ ಬಾಟ್ಲಿ ಐತಲ್ಲ ಮೇಡಂ, ತಂದ್ಕೊಡ್ತೀನಿ ಇರಿ," ಅಂತ ಆಗಲೇ ಕಾರಿನ ಕಡೆ ತಿರುಗಿದ್ದ. ಅವಳು ಬೇಡ ಅಂದಳು. ಅವನು ನನ್ನನ್ನು ನೋಡಿ, ಬಾಯಿ ಬಿಡಬೇಡ ಅಂತ ಕಣ್ಣಲ್ಲೇ ಹೇಳಿದ.

ವಿಷಯ ಇಷ್ಟೇ. ನಮ್ಮ ಮನೆಯಿಂದ ಎರಡು ಸೈಟು ಆಚೆ, ಮೂಲೆಯಲ್ಲಿ ಒಂದು ಖಾಲಿ ಸೈಟು ಇದೆ. ಅದು ನನ್ನದು, ಮಾರಾಟಕ್ಕಿಟ್ಟಿದ್ದೇನೆ. ಅದು ಹೋದರೆ ನಾನು ಬೇರೆಯವರ ಟೊಮೇಟೊ ಗಾಡಿ ಓಡಿಸುವುದು ಬಿಟ್ಟು ಸ್ವಂತ ಗಾಡಿ ತೆಗೆದುಕೊಳ್ಳಬಹುದು. ಓನರ್ ಬೆಂಗಳೂರಿನಲ್ಲಿದ್ದಾರೆ ಅಂತ ಮುನಿರಾಜು ಬಂದವರಿಗೆಲ್ಲ ಹೇಳುತ್ತಾನೆ. ಬ್ರೋಕರ್‌ಗಳು ಹಾಗೇ, ಕೊಳ್ಳುವವನನ್ನೂ ಮಾರುವವನನ್ನೂ ಮಾತಾಡಲು ಬಿಡುವುದಿಲ್ಲ. ನನಗೂ ಅದೇ ಬೇಕಿತ್ತು. ಆ ಸೈಟಿಗೆ ಒಂದು ಐಬು ಇದೆ. ಬೇಸಿಗೆಯಲ್ಲಿ ಬಂದವರ ಕಣ್ಣಿಗೆ ಅದು ಬೀಳುವುದಿಲ್ಲ.

ನೀರು ತರಲು ಒಳಗೆ ಹೋದೆ. ದೊಡ್ಡಮ್ಮ ಬೇಸಿಗೆಗೆ ಮಣ್ಣಿನ ಮಡಕೆ ಇಡುತ್ತಾಳೆ, ಸುತ್ತ ಒದ್ದೆ ಬಟ್ಟೆ ಸುತ್ತಿರುತ್ತಾಳೆ. ಮುಚ್ಚಳ ತೆಗೆದರೆ ಆ ತಣ್ಣನೆ ಮಣ್ಣಿನ ವಾಸನೆ ಮುಖಕ್ಕೆ ಬಂತು. ಅದರ ಜೊತೆಗೆ, ನಾನೂ ದೊಡ್ಡಮ್ಮನೂ ಊರೂರು ತಿರುಗಿ ಸೈಟು ನೋಡಿದ್ದೆಲ್ಲ ನೆನಪಿಗೆ ಬಂತು.

ದೊಡ್ಡಮ್ಮ ಅಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ತವರು ಆಂಧ್ರದ ಗಡಿಯ ರಾಯಲ್ಪಾಡು, ಹಾಗಾಗಿ ಅವಳಿಗೆ ಸಿಟ್ಟು ಬಂದರೆ ತೆಲುಗು, ಖುಷಿಯಾದರೂ ತೆಲುಗು. ಸುಗಟೂರಿನಲ್ಲಿ ಹಿಪ್ಪುನೇರಳೆ ಹಾಕಿಕೊಂಡು ರೇಷ್ಮೆ ಹುಳ ಸಾಕುತ್ತಿದ್ದಳು. ನಾನು ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟು ಗಾಡಿ ಹತ್ತಿದವನು. ಶ್ರೀನಿವಾಸಪುರದ ಕಡೆಯಿಂದ ಕೋಲಾರದ ಮಂಡಿಗೆ ಲೋಡ್ ಹೊಡೆಯುತ್ತಾ ಒಂದು ವಿಚಿತ್ರ ಗಮನಿಸಿದ್ದೆ. ಹೋದ ವರ್ಷ ರಾಗಿ ಇದ್ದ ಹೊಲದಲ್ಲಿ ಈ ವರ್ಷ ಬಿಳಿ ಕಲ್ಲು ನೆಟ್ಟಿರುತ್ತಾರೆ, ಒಂದು ಕಮಾನು ಕಟ್ಟಿರುತ್ತಾರೆ, ಬಣ್ಣದ ಬಾವುಟ ಹಾರಿಸಿರುತ್ತಾರೆ. ಅಷ್ಟಕ್ಕೇ ರೇಟು ಎಲ್ಲಿಗೋ ಹೋಗಿರುತ್ತದೆ. ಮಣ್ಣು ಅದೇ, ಮೇಲೆ ಹಾರುವ ಹದ್ದೂ ಅದೇ. ಹಾಗಾದರೆ ಬೆಲೆ ಎಲ್ಲಿಂದ ಬಂತು? ಕಲ್ಲಿನಿಂದಲೋ, ಬಾವುಟದಿಂದಲೋ? ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಹೋಗಲೇ ಇಲ್ಲ. ಫೋನಿನಲ್ಲಿ ಕೋಟು ಹಾಕಿದವರ ವಿಡಿಯೋ ನೋಡಿದೆ. ಚಿಕ್ಕದರಿಂದ ಶುರು ಮಾಡಿ ಅಂತಾರೆ. ಎಷ್ಟು ಚಿಕ್ಕದು ಅಂತ ಮಾತ್ರ ಹೇಳುವುದಿಲ್ಲ.

ನನ್ನ ಹತ್ತಿರ ಇದ್ದದ್ದು ಅರ್ಧ ಸೈಟಿನ ದುಡ್ಡು. ಉಳಿದ ಅರ್ಧ ದೊಡ್ಡಮ್ಮನ ಹತ್ತಿರ ಇತ್ತು, ಗೂಡು ಮಾರಿ ಕೂಡಿಟ್ಟಿದ್ದು. ಕೇಳಿದೆ. ಅವಳು ಯೋಚನೆ ಮಾಡಿ, "ಕೊಡ್ತೀನಿ. ಆದ್ರೆ ನೋಡಕ್ಕೆ ನಾನೂ ಬತ್ತೀನಿ. ನನ್ನ ದುಡ್ಡು ಎಲ್ಲಿ ಮಲಗ್ತೈತೆ ಅಂತ ನಾನ್ ನೋಡ್ಬೇಕು," ಅಂದಳು. ಒಂದು ತಪ್ಪು ಹೆಜ್ಜೆ ಇಟ್ಟರೆ ಇಬ್ಬರದೂ ಹೋಗುತ್ತಿತ್ತು. ಹಾಗಾಗಿ ಕರೆದುಕೊಂಡು ಹೋದೆ.

ಮೊದಲು ಮಾಲೂರಿನ ಕಡೆ. ಲೇಔಟು ಚೆನ್ನಾಗಿತ್ತು, ರೋಡು ಹಾಕಿದ್ದರು, ಸಾಲಾಗಿ ಗಿಡ ನೆಟ್ಟಿದ್ದರು. ಮುನಿರಾಜು ಹೊಸ ಶರ್ಟು ಹಾಕಿಕೊಂಡು ಫ್ಯಾಕ್ಟರಿ ಆ ಕಡೆ, ರೈಲು ಈ ಕಡೆ ಅಂತ ಕೈ ತೋರಿಸುತ್ತಿದ್ದ. ದೊಡ್ಡಮ್ಮ ಏನೂ ನೋಡಲಿಲ್ಲ. "ಇಲ್ಲಿ ಎಲ್ಲಾದ್ರೂ ನೀರ್ ಸಿಗ್ತೈತಾ?" ಅಂದಳು. ಮುನಿರಾಜು ಕಾರಿನಿಂದ ಬಾಟಲಿ ತಂದ. ಒಂದು ಗುಟುಕು ಬಾಯಿಗೆ ಹಾಕಿ ಉಗಿದಳು. "ಇದ್ ಬೇಡಪ್ಪ. ಮನೆ ನೀರ್ ಬೇಕು." ಮನೆ ಎಲ್ಲಿಂದ ಬರಬೇಕು? ಸುತ್ತ ಕಣ್ಣು ಹಾಯುವಷ್ಟು ದೂರಕ್ಕೂ ಕಲ್ಲುಗಳೇ. "ಒಂದ್ ಲೋಟ ನೀರ್ ಕೊಡೋ ಜನ ಇಲ್ಲ, ಇಲ್ಲಿ ಏನ್ ತಗೋತೀಯಾ, ನಡಿ," ಅಂತ ಗಾಡಿ ಹತ್ತಿ ಕೂತಳು.

ಅಲ್ಲಿ ಈಗ ಮೂರು ಅಂತಸ್ತಿನ ಮನೆಗಳೆದ್ದಿವೆ. ಲೋಡ್ ತೆಗೆದುಕೊಂಡು ಆ ರೋಡಿನಲ್ಲಿ ಹೋದರೆ ನಾನು ಆ ಕಡೆ ತಲೆ ತಿರುಗಿಸುವುದಿಲ್ಲ. ಇದನ್ನು ಯಾಕೆ ಹೇಳಿದೆ ಅಂದರೆ, ದೊಡ್ಡಮ್ಮನಿಗೆ ಎಲ್ಲ ಗೊತ್ತಿತ್ತು ಅಂತ ನೀವು ಅಂದುಕೊಳ್ಳಬಾರದು.

ಆಮೇಲೆ ಮುಳಬಾಗಿಲು. ಹೈವೇ ಪಕ್ಕ. ದೊಡ್ಡಮ್ಮ ಹತ್ತಿರದ ಮನೆಗೆ ಹೋಗಿ, "ಅಮ್ಮಾ, ಕೊಂಚೆಮ್ ನೀಳ್ಳು ಇಸ್ತಾವಾ?" ಅಂತ ತೆಲುಗಿನಲ್ಲೇ ಕೇಳಿದಳು. ಆ ಮನೆಯವಳು ನೀರೂ ಕೊಟ್ಟಳು, ಕೂರಲು ಮಣೆಯೂ ಕೊಟ್ಟಳು. ನಾನೂ ಮುನಿರಾಜುವೂ ಬಿಸಿಲಲ್ಲಿ ಒಣಗುತ್ತಾ ನಿಂತೆವು. ಒಳಗಿಂದ ನಗು ಕೇಳುತ್ತಿತ್ತು. ದೊಡ್ಡಮ್ಮ ಹೊರಗೆ ಬಂದಾಗ ಕೈಯಲ್ಲಿ ನುಗ್ಗೆಕಾಯಿ ಇತ್ತು, ತಲೆಯಲ್ಲಿ ನನಗೊಂದು ಹೆಣ್ಣಿತ್ತು.

"ಸೈಟಿನ ಬಗ್ಗೆ ಏನಾದ್ರೂ ಕೇಳ್ದ್ಯಾ?" ಅಂದೆ.

"ನೀರು ಉಪ್ಪು ಕಣೋ. ಬೇಳೆ ಬೇಯಲ್ವಂತೆ."

"ಮುಂದೇನೇ ಹೈವೇ ಐತಲ್ಲಮ್ಮ," ಅಂದ ಮುನಿರಾಜು.

"ಹೈವೇನ ಕುಡಿತಾರೇನಪ್ಪಾ?"

ಅದೂ ಹೋಯಿತು. ಅವತ್ತಿನಿಂದ ಮುನಿರಾಜು ಕಾರಿನ ಹಿಂದೆ ನೀರಿನ ಕ್ಯಾನು ಇಡಲು ಶುರು ಮಾಡಿದ. ಮನೆಗಳು ಕಂಡರೆ ಸ್ಪೀಡು ಜಾಸ್ತಿ ಮಾಡುತ್ತಿದ್ದ.

ಮೂರನೆಯದು ಶ್ರೀನಿವಾಸಪುರದ ರೋಡಿನಲ್ಲಿ. ಅದು ನನಗೆ ನೋಡಿದ ತಕ್ಷಣ ಹಿಡಿಸಿತು. ರೇಟು ನಮ್ಮ ಕೈಗೆ ಎಟುಕುವಂಥದ್ದು, ನೆಲ ಸಮತಟ್ಟು, ಪಕ್ಕದಲ್ಲಿ ಮಾವಿನ ತೋಪು. ಮುನಿರಾಜು ತೋರಿಸಿದ ಪೇಪರು ನಾನೂ ತಿರುಗಿಸಿ ನೋಡಿದೆ. ಓದಲು ಬರುತ್ತದೆ, ಅರ್ಥ ಆಗುವುದಿಲ್ಲ, ಆದರೂ ಅರ್ಥ ಆದವನ ಹಾಗೆ ತಲೆ ಆಡಿಸಿದೆ. ಅಡ್ವಾನ್ಸು ಕೊಟ್ಟೇಬಿಡೋಣ ಅಂತ ದುಡ್ಡು ಬಟ್ಟೆಯ ಚೀಲದಲ್ಲಿ ಹಾಕಿ, ಶರ್ಟಿನೊಳಗೆ ಇಟ್ಟುಕೊಂಡಿದ್ದೆ. ದೊಡ್ಡಮ್ಮನನ್ನು ಕೇಳಿಕೊಂಡೆ, "ಇವತ್ತೊಂದಿನ ಸುಮ್ನಿರು. ಯಾರ ಮನೆಗೂ ಹೋಗ್ಬೇಡ."

"ಆಯ್ತು ಬಿಡೋ," ಅಂದಳು. ಐದು ನಿಮಿಷಕ್ಕೆ ಕಾಣೆಯಾದಳು.

ಹುಡುಕಿಕೊಂಡು ಹೋದರೆ ಲೇಔಟಿನ ಎದುರಿಗೇ ಒಂದು ಮನೆಯ ಜಗಲಿಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಆ ಮನೆಯ ಹೆಂಗಸು ಅವರೆಕಾಯಿ ಬಿಡಿಸುತ್ತಿದ್ದಳು. ದೊಡ್ಡಮ್ಮ ನೀರು ಕುಡಿದು ಲೋಟ ಇಡುತ್ತಾ, ತಾನೂ ಒಂದು ಹಿಡಿ ಕಾಯಿ ಎಳೆದುಕೊಂಡು ಬಿಡಿಸುತ್ತಾ, ಸುಮ್ಮನೆ ಮಾತಿಗೆ ಅಂದಳು: "ಎದುರಿಗೇ ಲೇಔಟ್ ಬಂತು. ಒಳ್ಳೇದಾಯ್ತು ಬಿಡಮ್ಮ ನಿಮಗೆಲ್ಲ."

ಆ ಹೆಂಗಸಿನ ಕೈ ನಿಂತಿತು. "ಅದು ನಮ್ಮಪ್ಪನ ಹೊಲ," ಅಂದಳು. "ಇದೇ ಊರಿಗೇ ಕೊಟ್ರು ನನ್ನ, ದಿನಾ ಅದನ್ನೇ ನೋಡ್ಕೊಂಡ್ ಇದ್ದೆ. ಅಣ್ಣ ತಮ್ಮ ಸೇರ್ಕೊಂಡು ಲೇಔಟ್‌ನೋರಿಗೆ ಮಾರವ್ರೆ. ಕಲ್ಲು ನೆಟ್ಟಾಗ್ಲೇ ನಂಗ್ ಗೊತ್ತಾಗಿದ್ದು. ನನ್ನ ಸೈನು ಯಾರೂ ಕೇಳಿಲ್ಲ, ನಾನೂ ಹಾಕಿಲ್ಲ. ಲಾಯರ್ ಹತ್ರ ಹೋಗ್ಬಂದಿದ್ದೀನಿ. ಆಗ್ಲಿ, ಎಷ್ಟ್ ವರ್ಷ ಆಗ್ತೈತೋ ಆಗ್ಲಿ."

ನನ್ನ ಕೈ ತಾನಾಗೇ ಶರ್ಟಿನ ಮೇಲೆ ಹೋಯಿತು. ಹೆಣ್ಣುಮಕ್ಕಳ ಸಹಿ ಇಲ್ಲದೆ ಕೊಂಡವರು ಕೋರ್ಟಿಗೆ ಅಲೆಯುವುದನ್ನು ನಾನು ಟೀ ಅಂಗಡಿಯಲ್ಲಿ ಎಷ್ಟೋ ಸಲ ಕೇಳಿದ್ದೆ. ನನಗೇ ಆಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಅಷ್ಟರಲ್ಲಿ ಮುನಿರಾಜು ಓಡಿಬಂದ. "ಅಯ್ಯೋ, ಹೆಣ್ಮಕ್ಕಳ ಮಾತು ಬಿಡಣ್ಣ," ಅಂತ ನನ್ನ ತೋಳು ಎಳೆದ.

"ಲೇ ಮುನಿರಾಜ," ಅಂದಳು ದೊಡ್ಡಮ್ಮ, "ಈಗ ತಾನೇ ಅವಳ ನೀರು ಕುಡ್ದಿದ್ದೀನಿ. ಮಾತು ಹೆಂಗ್ಲಾ ಬಿಡ್ಲಿ?"

ಅಡ್ವಾನ್ಸು ಕೊಡದೆ ವಾಪಸ್ ಹೊರಟೆವು. ಸುಮಾರು ದೂರ ಬಂದಮೇಲೆ ಮುನಿರಾಜು, "ನಂಗೂ ಗೊತ್ತಿರ್ಲಿಲ್ಲ ಕಣಣ್ಣ, ನನ್ನಾಣೆ," ಅಂದ. ನಿಜ ಇರಬಹುದು. ಅವನು ಆ ಊರಲ್ಲಿ ನೀರು ಕುಡಿದಿರಲಿಲ್ಲ.

ಕೊನೆಗೆ ನಾವು ಕೊಂಡಿದ್ದು ಸುಗಟೂರಿನ ಹತ್ತಿರ ಇದೇ ಜಾಗ. ನೀರು ಸಿಹಿ, ನೀರು ಕೊಟ್ಟ ಮನೆಯವರು ಜಾಗದ ಬಗ್ಗೆ ಯಾವ ತಕರಾರೂ ಹೇಳಲಿಲ್ಲ. ಮನೆ ಆಮೇಲೆ ಕಟ್ಟಿದೆವು. ಸೈಟು ಕೊಂಡ ಹೊಸತರಲ್ಲಿ ನನಗೆ ಸ್ವಲ್ಪ ಕೊಬ್ಬು ಬಂತು ಅಂತಲೇ ಹೇಳಬೇಕು. ಮಂಡಿಯಲ್ಲಿ ಡ್ರೈವರುಗಳನ್ನು ಸುತ್ತ ಕೂರಿಸಿಕೊಂಡು, ರಿಯಲ್ ಎಸ್ಟೇಟ್ ಅಂದರೆ ಏನು ಅಂತ ಪಾಠ ಮಾಡುತ್ತಿದ್ದೆ. "ಪೇಪರ್ ಆಮೇಲೆ ನೋಡ್ರೋ. ಮೊದ್ಲು ಪಕ್ಕದ ಮನೇಲಿ ನೀರ್ ಕೇಳಿ. ನಮ್ ದೊಡ್ಡಮ್ಮನ ಟೆಕ್ನಿಕ್ ಅದು." ಅವರೂ ಹೌದು ಹೌದು ಅನ್ನುತ್ತಿದ್ದರು. ಒಬ್ಬ ನಿಜವಾಗಿಯೂ ಹೋಗಿ ನೀರು ಕೇಳಿ, ನಾಯಿ ಅಟ್ಟಿಸಿಕೊಂಡು ಬಂದ.

ಆಮೇಲೆ ಒಂದು ದಿನ ದೊಡ್ಡಮ್ಮನಿಗೆ ತಲೆಸುತ್ತು ಬಂತು. ಕೋಲಾರದಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ರಕ್ತ ನೋಡಿ ಸಕ್ಕರೆ ಕಾಯಿಲೆ ಅಂದರು. "ದಾಹ ಜಾಸ್ತಿ ಇತ್ತಾಮ್ಮ?" ಅಂತ ಕೇಳಿದರು.

"ಅಯ್ಯೋ, ಎರಡು ವರ್ಷದಿಂದ ಸಾರ್. ಎಲ್ಲಿ ಹೋದ್ರೂ ನೀರು, ನೀರು. ಇವನ ಜೊತೆ ಸೈಟ್ ನೋಡಕ್ಕೆ ಹೋದಾಗಂತೂ ಗಂಟ್ಲೇ ಒಣಗೋಗದು."

ಗಾಡಿಯಲ್ಲಿ ವಾಪಸ್ ಬರುವಾಗ ಕೇಳಿದೆ. "ಮತ್ತೆ ಮಾಲೂರಲ್ಲಿ ಬಾಟ್ಲಿ ನೀರು ಯಾಕೆ ಉಗ್ದೆ?"

"ಕಾರಲ್ಲಿ ಕಾದು ಬಿಸಿ ಆಗಿತ್ತು ಕಣೋ. ಪ್ಲಾಸ್ಟಿಕ್ ವಾಸನೆ."

"ಅಂದ್ರೆ ಜಾಗ ಹೆಂಗೈತೆ ಅಂತ ತಿಳ್ಕೊಳಕ್ಕಲ್ವಾ?"

"ಏಮಿರಾ, ದಾಹ ಆದ್ರೆ ನೀರು ಕೇಳ್ದೆ ಇನ್ನೇನ್ ಕೇಳ್ತಾರೆ?" ಅಂತ ನನ್ನನ್ನೇ ಒಂಥರಾ ನೋಡಿದಳು.

ನನಗೆ ನಗು ಬಂತು, ಅವಮಾನವೂ ಆಯಿತು. ಇಷ್ಟು ದಿನ ಊರಿಗೆಲ್ಲ ಹೇಳಿದ ಟೆಕ್ನಿಕ್ ಒಂದು ಕಾಯಿಲೆ. ಇನ್ನು ಮೇಲೆ ನೀರೂ ಬೇಡ ಗೀರೂ ಬೇಡ, ನಾನೇ ನೋಡುತ್ತೇನೆ ಅಂತ ತೀರ್ಮಾನ ಮಾಡಿದೆ. ಅದೇ ಜಿದ್ದಿನಲ್ಲಿ ಆ ಮೂಲೆ ಸೈಟು ಕೊಂಡೆ. ದೊಡ್ಡಮ್ಮ ಮಾವಿನ ಸುಗ್ಗಿಗೆ ರಾಯಲ್ಪಾಡಿಗೆ ಹೋಗಿದ್ದಳು. ಕಾರ್ನರ್ ಸೈಟು, ಎರಡು ಕಡೆ ರೋಡು, ನೋಡಲು ಲಕ್ಷಣ. ಒಬ್ಬರನ್ನೂ ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ, ಪಕ್ಕದ ಹೊಲದವನು ಹೇಳುತ್ತಿದ್ದ. ಹಿಂದೆ ಆ ಮೂಲೆಯಲ್ಲಿ ಕಾಲುವೆ ಇತ್ತಂತೆ, ಲೇಔಟಿನವರು ಮುಚ್ಚಿದರಂತೆ. ಕೊಂಡಮೇಲೆ ಅವನೇ ಹೇಳಿದ, ನಾನು ಕೇಳದೇನೇ.

ಮೊದಲ ಮಳೆಗೆ ಅಲ್ಲಿ ಮೊಣಕಾಲುದ್ದ ನೀರು ನಿಂತಿತು. ದೊಡ್ಡಮ್ಮ ಸೀರೆ ಎತ್ತಿಕೊಂಡು ಬಂದು ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. "ಇಲ್ಲಿ ಯಾರ್ನೂ ನೀರು ಕೇಳೋ ಹಂಗೇ ಇಲ್ಲ ಬಿಡೋ," ಅಂದಳು. "ಅದೇ ಬಂದೈತೆ."

ಇದಿಷ್ಟು ಮಡಕೆಯ ಮುಂದೆ ನಿಂತಾಗ ನೆನಪಾಗಿದ್ದು. ಚೊಂಬು ತುಂಬಿಸಿಕೊಂಡು ಹೊರಗೆ ಬಂದೆ. ದೊಡ್ಡಮ್ಮ ಅಷ್ಟರಲ್ಲಿ ಜಗಲಿಗೆ ಬಂದು ಕೂತು, "ಯಾವೂರಮ್ಮ ನಿಮ್ದು?" ಅಂತ ಶುರು ಮಾಡಿದ್ದಳು. ಹೋಳೂರು ಅಂತೆ. ಮದುವೆಯಾಗಿ ವರ್ಷವಾಯಿತಂತೆ. ಇದೇ ಮೊದಲ ಸೈಟಂತೆ, ಇಬ್ಬರ ದುಡ್ಡೂ ಸೇರಿಸಿದ್ದಾರಂತೆ. ಗಂಡ ಫೋನಿನಲ್ಲಿ ಏನೋ ಲೆಕ್ಕ ಹಾಕುತ್ತಿದ್ದ. ಅವಳು ಚೊಂಬು ಎತ್ತಿ ಗಟಗಟ ಕುಡಿದು, ಬಾಯಿ ಒರೆಸಿಕೊಂಡಳು. "ನೀರ್ ಚೆನ್ನಾಗೈತೆ," ಅಂದು ಚೊಂಬು ನನ್ನ ಕೈಗೆ ಕೊಟ್ಟು ತಿರುಗಿದಳು.

ಅಷ್ಟೇ. ಬೇರೆ ಏನೂ ಕೇಳಲಿಲ್ಲ. ಮುನಿರಾಜು ಉಸಿರು ಬಿಟ್ಟ. ನನಗೂ ಬೇಕಾಗಿದ್ದದ್ದು ಅದೇ ತಾನೇ. ಅವಳು ಗೇಟಿನವರೆಗೂ ಹೋದಳು.

"ಮಳೆ ಬಂದಾಗ ಒಂದ್ಸಲ ಬಂದು ನೋಡಮ್ಮ," ಅಂದೆ.

"ಯಾಕಣ್ಣ?"

"ಆ ಮೂಲೇಲಿ ಮೊಣಕಾಲುದ್ದ ನೀರು ನಿಲ್ತೈತೆ. ಮಣ್ಣು ಹೊಡಿಸ್ದೆ ಪಾಯ ಹಾಕಕ್ಕಾಗಲ್ಲ."

ಮುನಿರಾಜು ಆಕಾಶ ನೋಡಿದ. ಗಂಡ ಫೋನಿನಿಂದ ತಲೆ ಎತ್ತಿದ. "ಹೌದಾ? ಓನರ್ ಹಂಗೇನೂ ಹೇಳಿಲ್ವಲ್ಲ?"

"ಈಗ ಹೇಳ್ತಾವ್ನೆ," ಅಂದೆ. "ನಾನೇ ಓನರ್."

ದೊಡ್ಡಮ್ಮ ಜಗಲಿಯಿಂದಲೇ, "ಮುನಿರಾಜ, ಬಾ, ನೀನೂ ಒಂದ್ ಲೋಟ ಕುಡಿ. ಗಂಟ್ಲು ಒಣಗಿರ್ತೈತೆ," ಅಂದಳು.

ಆ ಹೆಂಗಸು ಗೇಟು ತಳ್ಳಿಕೊಂಡು ಒಳಗೆ ಬಂದಳು. ದೊಡ್ಡಮ್ಮನ ಪಕ್ಕ ಜಗಲಿಯ ಮೇಲೆ ಕೂತು, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ನನ್ನನ್ನು ನೋಡಿದಳು.

"ಇನ್ನೊಂಚೂರು ನೀರ್ ಕೊಡಣ್ಣ," ಅಂದಳು. "ಆಮೇಲೆ ಕೂತ್ಕೊಂಡು ಇನ್ನೇನೇನೈತೆ ಎಲ್ಲಾ ಹೇಳು."

ನಾನು ಚೊಂಬು ತೆಗೆದುಕೊಂಡು ಒಳಗೆ ಹೋದೆ.