ನೀರು ಕುಡಿಯೋ ಗನ್ನು

ಆಯುಧಪೂಜೆ ಬಂತೆಂದರೆ ಯಲಹಂಕದ ನಮ್ಮ ಮನೆ ಜಗಲಿಯಲ್ಲಿ ನಾನು, ಅಮ್ಮ ಸೇವಂತಿಗೆ ಕಟ್ಟಲು ಕೂರುತ್ತಿದ್ದೆವು. ತಾತ, ಅಂದರೆ ಅಪ್ಪನ ಅಪ್ಪ, ಕರೆಯದೆಯೇ ಬಂದು ನನ್ನ ಬಲಕ್ಕೆ ಮಂಡಿಯೂರುತ್ತಿದ್ದರು. ಕಟ್ಟಿ ಮುಗಿಸಿದ ಹಾರವನ್ನು ಅಂಗೈಗಳ ಮೇಲೆ ಮಟ್ಟಸವಾಗಿ ಹಿಡಿದು, ನನ್ನ ಕಡೆಗೆ ಸ್ವಲ್ಪ ಸ್ವಲ್ಪವೇ ಸರಿಸುತ್ತಿದ್ದರು. ಕಣ್ಣು ಮಾತ್ರ ಎದುರಿನ ಬಯಲ ಮೇಲೆ, ರೆಪ್ಪೆ ಬಡಿಯದೆ. ಹೂವನ್ನು ಮೊಳ ಹಾಕಿ ಅಳೆಯುತ್ತಾರೆ ಅಂತ ಮನೆಮಂದಿಯೆಲ್ಲ ನಗುತ್ತಿದ್ದರು. ನನಗಂತೂ ಆ ಕಣ್ಣು ನೋಡಿದರೆ ಮೈ ಜುಂ ಅನ್ನುತ್ತಿತ್ತು.

ಮೊದಲನೇ ಮಹಾಯುದ್ಧದಲ್ಲಿ ತಾತ ಇರಾಕಿನ ಬಸ್ರಾ ಕಡೆ ಹೋಗಿದ್ದರಂತೆ. ನಮಗೆ ಗೊತ್ತಿದ್ದದ್ದು ಅಷ್ಟೇ. ಕೇಳಿದರೆ ಎದ್ದು ಹೋಗುತ್ತಿದ್ದರು.

ಚೀನಾ ಯುದ್ಧದ ಮುಂದಿನ ವರ್ಷ ನನ್ನ ತಮ್ಮ ಸೈನ್ಯಕ್ಕೆ ಆಯ್ಕೆಯಾದ. ಹಬ್ಬ ಮುಗಿದ ಕೂಡಲೇ ಹೊರಡಬೇಕು. ಅಪ್ಪ ತೀರಿಕೊಂಡ ಮನೆ, ಇರೋನೊಬ್ಬ ಗಂಡುಮಗ. ಅಮ್ಮ ಅತ್ತಳು, ಊಟ ಬಿಟ್ಟಳು. ಆ ಮೊಂಡ ಕೇಳಬೇಕಲ್ಲ! ಕೊನೆಗೆ, "ತಾತ ಬೇಡ ಅಂದ್ರೆ ಹೋಗಲ್ಲ ಕಣಮ್ಮ, ನಿನ್ನಾಣೆ," ಅಂದ.

ಆವತ್ತು ಹೂ ಕಟ್ಟುತ್ತಾ ಅಮ್ಮ ಸೆರಗು ಕಣ್ಣಿಗೊತ್ತಿಕೊಂಡಳು. "ಮಾವ, ಅವನಿಗೆ ಒಂದು ಮಾತು ಹೇಳಿ."

ತಾತ ನನ್ನನ್ನು ಎಬ್ಬಿಸಿ ಆ ಜಾಗದಲ್ಲಿ ತಮ್ಮನನ್ನು ಕೂರಿಸಿದರು. "ಎರಡೂ ಎಬ್ಬೆಟ್ಟು ಮುಂದಕ್ಕೆ ಒತ್ತು," ಅಂದರು. ತಮ್ಮ ನಗುತ್ತಲೇ ಗಾಳಿಯಲ್ಲಿ ಒತ್ತಿದ. ತಾತನ ಕೈಯಲ್ಲಿ ಹಾರ ಸರಸರ ಓಡತೊಡಗಿತು. ಎಸಳು ಉದುರುತ್ತಿದ್ದವು, ಸದ್ದೇ ಇಲ್ಲ. ತಮ್ಮನ ನಗು ಆರಿಹೋಯಿತು. ಅವನೂ ಬಯಲನ್ನೇ ನೋಡುತ್ತಿದ್ದ. ಅಲ್ಲಿ ಒಂದು ದನ ಕೂಡ ಇರಲಿಲ್ಲ.

"ಮಿಷಿನ್ ಗನ್ನಿಗೆ ಗುಂಡಿನ ಪಟ್ಟಿ ಇಂಗೇ ಕೊಡ್ತಿದ್ದೆ," ಅಂದರು ತಾತ. "ಬಟ್ಟೆ ಪಟ್ಟಿ. ಸೊಟ್ಟಗಾದ್ರೆ ಸಿಕ್ಕಾಕಂತದೆ. ಅವ್ರು ಬರ್ತಾನೇ ಇದ್ರು, ಬೀಳ್ತಾನೇ ಇದ್ರು. ಕೊಳವೆ ಕಾದು ಅದರ ಸುತ್ತ ಇರೋ ನೀರು ಕುದಿಯೋದು. ಮತ್ತೆ ಮತ್ತೆ ನೀರು ಉಯ್ಬೇಕು, ಇಲ್ದಿದ್ರೆ ಗನ್ನು ನಿಂತೋಯ್ತದೆ. ನಿನ್ನಂಗೇ ಎಬ್ಬೆಟ್ಟು ಒತ್ತಿ ಗನ್ನು ಒಡೀತಿದ್ದೋನಿಗೆ ಒಟ್ಟೆಗೆ ಗುಂಡು ಬಿತ್ತು. ನೀರು ಅಂದ. ಇದ್ದದ್ದು ಒಂದೇ ಡಬ್ಬ. ಗನ್ನಿಗೆ ಉಯ್ದೆ. ಅವನು ನೋಡ್ತಾನೇ ಇದ್ದ."

ಅಮ್ಮ ಉಸಿರುಬಿಟ್ಟಳು. ಇಷ್ಟು ಕೇಳಿದ ಮೇಲೆ ಯಾವನು ತಾನೆ ಹೋಗುತ್ತಾನೆ?

ತಮ್ಮ ಹೆಬ್ಬೆಟ್ಟು ಕೆಳಗಿಳಿಸಿದ. "ಈಗಿನ ಗನ್ನಿಗೆ ನೀರು ಬೇಡ ತಾತ. ಗಾಳಿಗೇ ತಣ್ಣಗಾಗ್ತದೆ."

ತಾತ ಬಯಲಿನಿಂದ ಕಣ್ಣು ಕಿತ್ತರು. "ದಿಟವಾ?"

"ದಿಟ."

"ಅಂಗಾದ್ರೆ ನೀರು ಪಕ್ಕದೋನಿಗೆ ಕೊಡಬಹುದು." ಅವರ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಕಂಡೇ ಇರಲಿಲ್ಲ. ಮೊಮ್ಮಗನ ತಲೆ ಮೇಲೆ ಕೈಯಿಟ್ಟರು. "ಓಗಿದ್ದು ಬಾ ಮಗಾ."

ಅಮ್ಮ ಅರ್ಧ ಕಟ್ಟಿದ ಹೂ ಕೆಳಗಿಟ್ಟು ಒಳಗೆ ಹೋದಳು. ಆಮೇಲೆ ತಾತ ಬದುಕಿದ್ದಷ್ಟು ದಿನವೂ ಅವಳು ಅವರನ್ನು ಮಾವ ಅಂತ ಕರೆಯಲಿಲ್ಲ.